ಹೇಳದೆ ಬಂದ ಹಾಡು, ಹಿಂದೆ ಬಂದ ಕ್ಯಾಮೆರಾ

ನಗರದ ಗಿಜಿಗುಡುವ ಜಾಗದಲ್ಲಿ ಒಬ್ಬ ಜಾನಪದ ಹಾಡುಗಾರನನ್ನು ನಿಲ್ಲಿಸಿ, ಯಾರಿಗೂ ಮುಂಚೆ ಹೇಳದೆ ಹಾಡಿಸಿ, ಅದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಈಗ ಹೊಸ ಪ್ರಯೋಗ ಅನ್ನಿಸಿಕೊಂಡಿದೆ. ಯಾರಿಗೆ ಹೊಸದು? ರಂಗಮಂದಿರದ ಕುರ್ಚಿಯಲ್ಲಿ ಕೂತು ಹಾಡು ಕೇಳಿದವರಿಗೆ ಹೊಸದು. ಹಲಗೆ ಬಡಿಯುತ್ತಾ ಬೀದಿಯಲ್ಲೇ ಬೆಳೆದವರಿಗೆ ಇದರಲ್ಲಿ ಹೊಸದೇನಿದೆ?

2007ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಮೆಟ್ರೋ ನಿಲ್ದಾಣವೊಂದರಲ್ಲಿ ಜೋಶುವಾ ಬೆಲ್ ಎಂಬ ಜಗತ್ಪ್ರಸಿದ್ಧ ಪಿಟೀಲು ವಾದಕರು ಮಾಮೂಲಿ ಬಟ್ಟೆಯಲ್ಲಿ ನಿಂತು ನುಡಿಸಿದರು. ಏರ್ಪಾಡು ಒಂದು ದೊಡ್ಡ ಪತ್ರಿಕೆಯದು. ಕ್ಯಾಮೆರಾ ಮರೆಯಲ್ಲಿತ್ತು. 43 ನಿಮಿಷದಲ್ಲಿ 1,097 ಜನ ಹಾದುಹೋದರು, ನಿಂತು ಕೇಳಿದವರು ಏಳೇ ಮಂದಿ. ಬಿದ್ದ ಕಾಸು 32 ಡಾಲರ್ ಚಿಲ್ಲರೆ. ಅಯ್ಯೋ, ಜನಕ್ಕೆ ಕಲೆ ತಿಳಿಯದಾಯಿತೇ ಅಂತ ಓದುಗ ಲೋಕ ಮರುಗಿತು. ಆ ವರದಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಸರಿ. ಆದರೆ ಅದೇ ಮೆಟ್ಟಿಲ ಮೇಲೆ ದಿನಾ ಹೊಟ್ಟೆಪಾಡಿಗೆ ಹಾಡುವವನನ್ನು ದಾಟಿಹೋದ ಜನಕ್ಕೆ ಯಾರು ಮರುಗುತ್ತಾರೆ? ಬೆಲ್ ಅವರಿಗೆ ಅದು ಒಂದು ಬೆಳಗಿನ ವೇಷ. ನಮ್ಮವರಿಗೆ ಅದೇ ಬಾಳು.

ನಮ್ಮ ದೇಶದಲ್ಲಿ ಹೇಳದೆ ಹಾಡುವುದಕ್ಕೆ ಬೇರೆಯೇ ಚರಿತ್ರೆಯಿದೆ. 1876ರಲ್ಲಿ ಬ್ರಿಟಿಷರು ನಾಟಕ ಪ್ರದರ್ಶನ ಕಾಯಿದೆ ತಂದರು. ಸರ್ಕಾರಕ್ಕೆ ಹಿಡಿಸದ ಆಟವನ್ನು ನಿಲ್ಲಿಸುವ ಅಧಿಕಾರ ಅದರಿಂದ ಬಂತು. ಬಿಳಿಯರು ಹೋದ ಮೇಲೂ ಆ ಕಾಯಿದೆ ಉಳಿಯಿತು. ಕೇಂದ್ರ ಸರ್ಕಾರ ಅದನ್ನು ರದ್ದು ಮಾಡಿದ್ದು 2018ರಲ್ಲಿ. ಮುಂಚೆ ಸಾರಿದರೆ ಪೊಲೀಸರಿಗೆ ಮೊದಲು ಗೊತ್ತಾಗುತ್ತದೆ, ಜನಕ್ಕೆ ಆಮೇಲೆ. ಹಾಗಾಗಿ ಬಂಡಾಯದ ಹಾಡು ಮಿಲ್ಲಿನ ಬಾಗಿಲಿಗೆ, ಚಾಳಿನ ಅಂಗಳಕ್ಕೆ ಹೇಳದೆಯೇ ಬರಬೇಕಾಯಿತು.

ಮುಂಬಯಿಯನ್ನೇ ನೋಡಿ. ಮಾಂಗ ಜಾತಿಯಲ್ಲಿ 1920ರಲ್ಲಿ ಹುಟ್ಟಿದ ಅಣ್ಣಾಭಾವು ಸಾಠೆ ಆ ಊರಿಗೆ ಬಂದು ಗಿರಣಿ ಕೂಲಿಯಾದರು. 1944ರಲ್ಲಿ ಅಮರ್ ಶೇಖ್, ಗವ್ಹಾಣಕರ್ ಜೊತೆ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಮೇಲಿನವರು ತುಚ್ಛವಾಗಿ ಕಂಡ ತಮಾಶೆಯ ಧಾಟಿಗೆ ಕೂಲಿಯವರ ಮಾತು ತುಂಬಿದರು. ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರ ಈ ತಂಡದ ಮೇಲೆ ನಿಷೇಧ ಹೇರಿತು. ಇತ್ತ ಅಂಬೇಡ್ಕರ್ ಚಳವಳಿಯ ಜಲಸಾ ತಂಡಗಳು ಕೇರಿಯಿಂದ ಕೇರಿಗೆ ಬಾಬಾಸಾಹೇಬರ ಮಾತನ್ನು ಹೊತ್ತು ತಿರುಗಿದವು. ಓದು ಬಾರದವರಿಗೆ ಹಾಡೇ ಪತ್ರಿಕೆ.

ಕನ್ನಡದಲ್ಲೂ ಇದೇ ಆಯಿತು. ಸಾವಿನ ಮನೆ ಮುಂದೆ, ಊರಹಬ್ಬದಲ್ಲಿ ಬಿಟ್ಟಿಯಾಗಿ ಬಡಿಯಬೇಕಾಗಿದ್ದ ತಮಟೆಯನ್ನು ಎಪ್ಪತ್ತರ ದಶಕದ ದಲಿತ ಚಳವಳಿ ಮೆರವಣಿಗೆಯ ಮುಂದಕ್ಕೆ ತಂದಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಅಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ ಅದು ಬಾಯಿಂದ ಬಾಯಿಗೆ ಹೋಯಿತು.

ಈ ಹಾಡುಗಾರರ ಹಿಂದೆ ಕ್ಯಾಮೆರಾ ಬಂದಾಗ ಏನಾಯಿತು? ಅದಕ್ಕೆ ವಿಲಾಸ್ ಘೋಗ್ರೆಯವರ ಕಥೆಯನ್ನೇ ಕೇಳಬೇಕು. 1981ರ ಮಳೆಗಾಲದಲ್ಲಿ ಮುಂಬಯಿಯ ಫುಟ್‌ಪಾತಿನ ಜನರನ್ನು ಎತ್ತಂಗಡಿ ಮಾಡಲು ಸರ್ಕಾರ ಹೊರಟಿತು. ಆ ಗುಡಿಸಲುಗಳ ಬದುಕಿನ ಮೇಲೆ ಆನಂದ್ ಪಟವರ್ಧನ್ ಅವರು ‘ಹಮಾರಾ ಶಹರ್’ ಎಂಬ ಸಾಕ್ಷ್ಯಚಿತ್ರ ತೆಗೆದರು, 1985ರಲ್ಲಿ ಬಂತು. ಅದರಲ್ಲಿ ಗುಡಿಸಲಿನಲ್ಲೇ ಬಾಳುತ್ತಿದ್ದ ದಲಿತ ಕವಿ, ಹಾಡುಗಾರ ಘೋಗ್ರೆ ಹಾಡಿದ್ದಾರೆ. ಅದೇ ಚಿತ್ರದಲ್ಲಿ ಫುಟ್‌ಪಾತಿನ ಒಬ್ಬ ತಾಯಿ ಕ್ಯಾಮೆರಾದ ಕಡೆ ತಿರುಗಿ ದಬಾಯಿಸುತ್ತಾಳೆ: ಬಡವರ ಫೋಟೋ ಹಿಡಿದು ಹೆಸರು ಮಾಡ್ಕೋತೀರಿ, ನಮಗೇನು ಮಾಡ್ತೀರಿ ಅನ್ನೋದು ಆಕೆಯ ಮಾತಿನ ಸಾರ. ಆ ಬೈಗುಳವನ್ನು ಕತ್ತರಿಸದೆ ಇಟ್ಟದ್ದು ಆ ಚಿತ್ರದ ದೊಡ್ಡ ಗುಣ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ತಾಯಿಯ ಪ್ರಶ್ನೆ ಮಾತ್ರ ಉಳಿಯಿತು.

1997ರ ಜುಲೈ 11. ಘಾಟ್‌ಕೋಪರಿನ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದರು. ಜನ ಸಿಟ್ಟಾಗಿ ಹೆದ್ದಾರಿಗೆ ಬಂದರು. ಮೀಸಲು ಪೊಲೀಸರು ಗುಂಡು ಹಾರಿಸಿದರು. ಹತ್ತು ಜೀವ ಹೋಯಿತು. ಜನ ಗ್ಯಾಸ್ ಟ್ಯಾಂಕರಿಗೆ ಬೆಂಕಿ ಇಡಲು ಹೊರಟಿದ್ದರು ಅಂತ ಪೊಲೀಸರ ವಾದ. ವಿಚಾರಣೆ ನಡೆಸಿದ ಗುಂಡೇವಾರ್ ಆಯೋಗ ಅದನ್ನು ಒಪ್ಪಲಿಲ್ಲ. ಗುಂಡು ಹಾರಿಸಲು ಆಜ್ಞೆ ಕೊಟ್ಟ ಅಧಿಕಾರಿಗೆ 2009ರಲ್ಲಿ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಆತ ಬೇಗನೇ ಜಾಮೀನಿನ ಮೇಲೆ ಹೊರಬಂದ.

ಗೋಲಿಬಾರ್ ಆದ ನಾಲ್ಕನೆಯ ದಿನ ಘೋಗ್ರೆ ತಮ್ಮ ಗುಡಿಸಲಲ್ಲಿ ಪ್ರಾಣ ಬಿಟ್ಟರು. ಗೋಡೆಯ ಮೇಲೆ ಅಂಬೇಡ್ಕರ್‌ವಾದಿಗಳ ಒಗ್ಗಟ್ಟಿಗೆ ಜಯಕಾರ ಬರೆದಿದ್ದರು. ತಲೆಗೆ ನೀಲಿ ಬಟ್ಟೆ ಕಟ್ಟಿದ್ದರು. ಕೆಂಪು ಬಾವುಟದ ಕೆಳಗೆ ವರ್ಷಗಟ್ಟಲೆ ಹಾಡಿದವರು ಅವರು. ಕೊನೆಗೆ ಅವರ ತಂಡವೇ ಅವರನ್ನು ಹೊರಗೆ ಹಾಕಿತ್ತು. ನಮ್ಮ ಎಡಪಂಥದ ಗೆಳೆಯರು ಈ ನೀಲಿ ಬಟ್ಟೆಯನ್ನು ಕಣ್ಣಿಟ್ಟು ನೋಡಬೇಕು. ಹಾಡು ಬೇಕು, ಹಾಡಿದವನ ಜಾತಿಯ ನೋವು ಬೇಡ ಅಂದ್ರೆ ಹೇಗೆ?

ಪಟವರ್ಧನ್ ಮತ್ತೆ ಕ್ಯಾಮೆರಾ ಎತ್ತಿಕೊಂಡರು. ಈ ಸಲ ಹಾಡು ಹಿಡಿಯುವುದಕ್ಕಲ್ಲ, ಹಾಡಿದವರು ಯಾಕೆ ಸತ್ತರು ಅಂತ ಹುಡುಕುವುದಕ್ಕೆ. 14 ವರ್ಷ ಹಿಡಿಯಿತು. 2011ರಲ್ಲಿ ಮುಗಿದ ‘ಜೈಭೀಮ್ ಕಾಮ್ರೇಡ್’ ಮೂರು ಗಂಟೆಗೂ ಹೆಚ್ಚಿನ ಚಿತ್ರ. ಅದನ್ನು ದಲಿತರ ಚಾಳು, ಕೇರಿಗಳ ಬಯಲಿಗೇ ಕೊಂಡೊಯ್ದು ತೋರಿಸಿದರು. ಸಾಲ ತೀರಿಸುವ ಒಂದು ದಾರಿ ಇದು.

ಅದೇ ಚಿತ್ರದಲ್ಲಿ ಪುಣೆಯ ಕಬೀರ್ ಕಲಾ ಮಂಚ್ ಹಾಡುತ್ತದೆ. 2002ರ ಗುಜರಾತ್ ಹತ್ಯಾಕಾಂಡದ ಮೇಲೆ ಹುಟ್ಟಿದ ತಂಡ. 2011ರಲ್ಲಿ ಅವರನ್ನು ಮಾವೋವಾದಿಗಳೆಂದು ಯುಎಪಿಎ ಕಾಯಿದೆಯ ಕೇಸಿನಲ್ಲಿ ಸಿಕ್ಕಿಸಲಾಯಿತು. ಕೆಲವರು ತಲೆಮರೆಸಿಕೊಂಡರು. 2013ರ ಏಪ್ರಿಲ್ 2ರಂದು ಶೀತಲ್ ಸಾಠೆ, ಸಚಿನ್ ಮಾಳಿ ಮುಂಬಯಿಯ ವಿಧಾನಭವನದ ಮುಂದೆ ತಾವಾಗೇ ಬಂದು ನಿಂತರು. ಇದು ಶರಣಾಗತಿಯಲ್ಲ, ಸತ್ಯಾಗ್ರಹ ಅಂದರು. ಶೀತಲ್ ಆಗ ಬಸುರಿ. ಆಕೆಗೆ ಅದೇ ಜೂನಿನಲ್ಲಿ ಜಾಮೀನು ಸಿಕ್ಕಿತು. ಸಚಿನ್‌ಗೆ ಸಿಕ್ಕಿದ್ದು 2017ರಲ್ಲಿ.

ಗೆಳೆಯರೇ, ಕ್ಯಾಮೆರಾಕ್ಕೆ ಎರಡು ಮುಖ. ಹಾಡು ಸಾಯದಂತೆ ಕಾಯುವುದೂ ಅದೇ, ಹಾಡಿದವರ ಮುಖವನ್ನು ಠಾಣೆಯ ಕಡತಕ್ಕೆ ಮುಟ್ಟಿಸಬಲ್ಲದ್ದೂ ಅದೇ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ. ಬಸ್‌ಸ್ಟಾಂಡಿನಲ್ಲಿ ಕಿನ್ನರಿ ಜೋಗಿ ಹಾಡಿದರೆ ಹತ್ತು ಫೋನು ಮೇಲೇಳುತ್ತವೆ. ಅವನ ಊರು ಯಾವುದು, ಹೆಸರೇನು, ಉಂಡಿದ್ದಾನೋ ಇಲ್ಲವೋ ಅಂತ ಕೇಳುವ ಬಾಯಿ ಒಂದೂ ಇಲ್ಲ. ಜಮೀನ್ದಾರ ಬಿಟ್ಟಿ ತಮಟೆ ಬಡಿಸಿಕೊಂಡದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಚಿತ್ರ ತೆಗೆಯುವವರು ತೆಗೆಯಲಿ, ಬೇಡ ಅನ್ನೋದಿಲ್ಲ. ಮೊದಲು ಹಾಡುವವರ ಒಪ್ಪಿಗೆ ಕೇಳಲಿ. ಹೆಸರು ಹಾಕಲಿ, ಕೂಲಿ ಕೊಡಲಿ. ತೆಗೆದದ್ದನ್ನು ಅವರ ಕೇರಿಗೇ ತಂದು ತೋರಿಸಲಿ. ನಾಳೆ ಪೊಲೀಸರು ಅವರ ಬಾಗಿಲು ತಟ್ಟಿದರೆ ಜೊತೆಗೆ ನಿಲ್ಲಲಿ. ಹಾಡು ಹೇಳದೆ ಬರಬಹುದು; ಕ್ಯಾಮೆರಾ ಕೇಳಿಯೇ ಬರಬೇಕು. ಫುಟ್‌ಪಾತಿನ ಆ ತಾಯಿ ಕೇಳಿದ ಪ್ರಶ್ನೆಗೆ ಇದಕ್ಕಿಂತ ಕಡಿಮೆ ಉತ್ತರ ಸಾಲದು.