ಹೆಬ್ಬೆಟ್ಟು ಹೇಳಿದ ಕೃತಜ್ಞತೆ

ಮನೆಯೊಳಗೆ 'ಧನ್ಯವಾದ' ಹೇಳುವ ರೂಢಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಅದು ಸಭೆಯ ಕೊನೆಗೆ ಬರುವ ವಂದನಾರ್ಪಣೆಯ ಮಾತು. ಊಟ ಬಡಿಸಿದ ತಾಯಿಗೆ ಮಗ ಹಾಗೆಂದರೆ ಆಕೆ ನಕ್ಕಾಳು, ಇಲ್ಲವೇ ನೊಂದಾಳು. ಹೆತ್ತವರದು ಋಣ, ಅದು ಬಾಯಲ್ಲಿ ಹೇಳಿ ಮುಗಿಸುವಂಥದಲ್ಲ ಎಂಬುದು ಅವರ ತಿಳಿವಳಿಕೆ. ಹಾಗಾದರೆ ದೂರದೂರಿಗೆ ದುಡಿಯಲು ಹೋದ ಮಗ ಆ ಋಣವನ್ನು ಹೇಗೆ ನೆನೆಯುತ್ತಿದ್ದ?

ಭಾರತದಲ್ಲಿ 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂತು. ಮರುವರ್ಷ, ಅಂದರೆ 1880ರಲ್ಲಿ, ಅಂಚೆ ಇಲಾಖೆ ಮನಿಯಾರ್ಡರ್ ಸೇವೆಯನ್ನು ವಹಿಸಿಕೊಂಡಿತು. ಮುಂದೆ ನಮ್ಮ ಕರಾವಳಿಯ ಹಳ್ಳಿಗಳಿಂದ ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರನ್ನು ಮನೆಗೆ ಬೆಸೆದದ್ದು ಮುಖ್ಯವಾಗಿ ಇವೆರಡೇ.

ಮನಿಯಾರ್ಡರ್ ಫಾರಂನ ಒಂದು ತುಂಡು ಸಂದೇಶಕ್ಕೆ ಮೀಸಲು. ಹಣದೊಂದಿಗೆ ಅದನ್ನು ಹರಿದು ಕೊಡುತ್ತಿದ್ದರು. ಇನ್ನೊಂದು ತುಂಡು, ಹಣ ಪಡೆದವರ ಸಹಿ ಹೊತ್ತು, ಕಳುಹಿಸಿದವನಿಗೆ ಮರಳುತ್ತಿತ್ತು. ಅಕ್ಷರ ಬಾರದ ತಾಯಿ ಹೆಬ್ಬೆಟ್ಟು ಒತ್ತಿದರೆ, ಓದು ಬಲ್ಲವರೊಬ್ಬರು ಸಾಕ್ಷಿ ಹಾಕಬೇಕಿತ್ತು. ಅಂಚೆಯಣ್ಣ ಜಗಲಿಯಲ್ಲಿ ಕುಳಿತು ಮಗನ ಎರಡು ಸಾಲನ್ನು ಓದಿ ಹೇಳುತ್ತಿದ್ದ. ವಾರಗಳ ನಂತರ ಮಗನ ಕೈಗೆ ಸೇರುತ್ತಿದ್ದುದು ತಾಯಿಯ ಬೆರಳಿನ ಗುರುತು. ಅವಳ ಪಾಲಿಗೆ ಅದೇ ಉತ್ತರ, ಅದೇ ಹರಕೆ.

ನಮ್ಮ ಅಜ್ಜಿ ಅಂಥ ತುಂಡುಗಳನ್ನು ಕೊಕ್ಕೆ ತಂತಿಗೆ ಚುಚ್ಚಿಟ್ಟಿದ್ದರು. ಒಂದರಲ್ಲಿ ದೊಡ್ಡ ಮಾವ ಬರೆದದ್ದು ಇಷ್ಟೇ: ಈ ಹಣದಲ್ಲಿ ಕನ್ನಡಕ ಮಾಡಿಸಿಕೊಳ್ಳಬೇಕು, ದನಕ್ಕೆ ಹಿಂಡಿ ತರಬಾರದು. ಕೃತಜ್ಞತೆ ಎಂಬ ಪದ ಅಲ್ಲೆಲ್ಲೂ ಇಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಮನಿಯಾರ್ಡರ್ ಬರುತ್ತಿದ್ದುದು ಅಜ್ಜಿಯ ಹೆಸರಿಗೆ. ಅದೇ ಮನೆಯಲ್ಲಿ ನೀರು ಹೊತ್ತು, ಗದ್ದೆ ನೋಡಿಕೊಂಡು, ಅತ್ತೆಯ ಆರೈಕೆ ಮಾಡಿದ ದೊಡ್ಡತ್ತೆಯ ಹೆಸರು ಆ ತಂತಿಯ ಯಾವ ಚೀಟಿಯಲ್ಲೂ ನನಗೆ ಕಾಣಲಿಲ್ಲ. ಹೇಳದಿದ್ದರೂ ತಿಳಿಯುತ್ತದೆ ಎಂಬ ನಂಬಿಕೆಯ ಬೆಲೆಯನ್ನು ಇಂಥ ಹೆಂಗಸರೇ ತೆತ್ತರು. ಈಗಿನ ಮಕ್ಕಳು ಅಮ್ಮನಿಗೆ, ಗಂಡ ಹೆಂಡತಿಗೆ 'ಥ್ಯಾಂಕ್ಸ್' ಎನ್ನುವಾಗ ಮೂಗು ಮುರಿಯುವವರು ಇದನ್ನು ನೆನೆಯುವುದು ಒಳಿತು.

ಹಳೆಯ ಬಗೆಯ ಮನಿಯಾರ್ಡರನ್ನು ಅಂಚೆ ಇಲಾಖೆ 2015ರಲ್ಲಿ ನಿಲ್ಲಿಸಿತು. ಮರುವರ್ಷವೇ ಯುಪಿಐ ಬಂತು. ಈಗ ಮಗನ ಹಣ ಕ್ಷಣದಲ್ಲಿ ಊರು ಸೇರುತ್ತದೆ. ತಾಯಿ ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿ ಕಳುಹಿಸುತ್ತಾಳೆ. ಗುರುತು ಹೆಚ್ಚುಕಡಿಮೆ ಅದೇ. ಹಣದ ಜೊತೆಗೆ ಎರಡು ಸಾಲು ಬರೆಯುವ ಜಾಗ ಈಗಲೂ ಇದೆ. ಅದನ್ನು ಖಾಲಿ ಬಿಡುತ್ತಿರುವವರು ನಾವು.