ಬಸುರಿಯ ಬಿಡುವು, ಬಾಣಂತಿಯ ನೋವು

ಬೆಳಗ್ಗೆ ಎದ್ದೊಡನೆ ಬೆರಳು ಮಡಿಸಲಾಗದು. ಮಣಿಕಟ್ಟು ಊದಿ ತಂಬಿಗೆ ಎತ್ತಲಾಗದು. ಹೀಗೆ ನರಳುವ ಹೆಂಗಸರನ್ನು ನೀವು ಕಂಡಿರಬಹುದು. ವೈದ್ಯರು ರುಮಟಾಯ್ಡ್ ಸಂಧಿವಾತವೆನ್ನುವ ಈ ರೋಗ ಮುಪ್ಪಿನ ಮಂಡಿನೋವಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಾಗ ಬರುವಂಥದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಇದಕ್ಕೆ ಸ್ತ್ರೀ ಹಾರ್ಮೋನುಗಳು ಕಾರಣವೆ? ಈ ಪ್ರಶ್ನೆಯ ಚರಿತ್ರೆ ವಿಚಿತ್ರವಾದುದು.

ಅಮೆರಿಕದ ಮಿನಿಸೋಟ ಸಂಸ್ಥಾನದ ರಾಚೆಸ್ಟರ್ ಊರಿನಲ್ಲಿ ಮೇಯೊ ಕ್ಲಿನಿಕ್ ಎಂಬ ಚಿಕಿತ್ಸಾಲಯವಿದೆ. 1929ರ ಏಪ್ರಿಲ್‌ನಲ್ಲಿ ಅಲ್ಲಿನ ವೈದ್ಯ ಫಿಲಿಪ್ ಹೆಂಚ್ ಅವರಿಗೆ ರೋಗಿಯೊಬ್ಬರು, ಕಾಮಾಲೆ ಬಂದ ಮೇಲೆ ತಮ್ಮ ಕೀಲುನೋವು ಇಳಿಯಿತೆಂದು ತಿಳಿಸಿದರು. ಮುಂದೆ ಕೆಲವು ಹೆಂಗಸರು ಇನ್ನೊಂದು ಮಾತು ಹೇಳಿದರು: ಬಸುರಾದರೆ ನೋವು ಇಳಿಯುತ್ತದೆ, ಹೆರಿಗೆಯಾದ ಮೇಲೆ ಮರಳುತ್ತದೆ. ಹೆಂಚ್ ಇದನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಲಿಲ್ಲ. ಒಂದೊಂದನ್ನೂ ಬರೆದಿಟ್ಟುಕೊಂಡು 1938ರಲ್ಲಿ ಪ್ರಕಟಿಸಿದರು.

ಅವರ ತರ್ಕವನ್ನು ನೋಡಿ. ಬಸಿರು ಹೆಂಗಸರಿಗೆ ಮಾತ್ರ; ಆದರೆ ಕಾಮಾಲೆ ಗಂಡಸರಿಗೂ ಬರುತ್ತದೆ, ಆಗ ಅವರಿಗೂ ನೋವು ಇಳಿಯುತ್ತದೆ. ಹಾಗಾದರೆ ನೋವು ಕಳೆಯುವ ವಸ್ತು ಸ್ತ್ರೀ ಹಾರ್ಮೋನಾಗಿರಲಾರದು. ಇಬ್ಬರಲ್ಲಿಯೂ ಇರುವ ಯಾವುದೋ ಹಾರ್ಮೋನಾಗಿರಬೇಕು. ಅದಕ್ಕೆ ಅವರು 'ಎಕ್ಸ್ ವಸ್ತು' ಎಂದು ಹೆಸರಿಟ್ಟರು. ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್, ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರೀನಲ್ ಗ್ರಂಥಿಯ ರಸಗಳನ್ನು ಬೇರ್ಪಡಿಸುತ್ತಿದ್ದರು. 1948ರ ಸೆಪ್ಟೆಂಬರ್ 21ರಂದು, ನಡೆಯಲೂ ಕಷ್ಟಪಡುತ್ತಿದ್ದ 29 ವರ್ಷದ ಹೆಂಗಸಿಗೆ ಅದರಲ್ಲೊಂದನ್ನು ಚುಚ್ಚಿದರು. ವಾರ ತುಂಬುವಷ್ಟರಲ್ಲಿ ಆಕೆ ಎದ್ದು ಪೇಟೆಗೆ ಹೋಗಿಬಂದಳು! ಆ ಮದ್ದೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಾಲ್ ಹಾಗೂ ಸ್ವಿಟ್ಸರ್ಲೆಂಡಿನ ರೈಷ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಮದ್ದು ನಿಲ್ಲಿಸಿದರೆ ನೋವು ಮರಳುತ್ತಿತ್ತು. ಹೆಚ್ಚುಕಾಲ ಕೊಟ್ಟರೆ ಮುಖ ಊದುತ್ತಿತ್ತು, ಎಲುಬು ಸವೆಯುತ್ತಿತ್ತು. ಬಸುರಿಯರು ಕೇಳಿದ ಪ್ರಶ್ನೆಗೂ ಪೂರ್ಣ ಉತ್ತರ ಸಿಕ್ಕಿರಲಿಲ್ಲ. ಗರ್ಭದಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರೋನ್ ಎಂಬ ಸ್ತ್ರೀ ಹಾರ್ಮೋನುಗಳು ಏರುತ್ತವೆ, ಅಡ್ರೀನಲ್ ರಸವೂ ಏರುತ್ತದೆ. ಹೆರಿಗೆಯೊಡನೆ ಎಲ್ಲವೂ ಇಳಿಯುತ್ತವೆ. ಆದರೂ ಇಷ್ಟರಿಂದಲೇ ಎಲ್ಲವೂ ಬಗೆಹರಿಯದು. ಗರ್ಭನಿರೋಧಕ ಗುಳಿಗೆ ಈ ರೋಗವನ್ನು ತಡೆಯುವುದೇ ಎಂದು ಪರೀಕ್ಷಿಸಿದವರಲ್ಲಿ ಕೆಲವರು ಹೌದೆಂದರು, ಕೆಲವರು ಅಲ್ಲವೆಂದರು. 1993ರಲ್ಲಿ ಸಂಶೋಧಕಿ ಲೀ ನೆಲ್ಸನ್ ಮತ್ತು ಸಂಗಡಿಗರು ಹೊಸ ಸುಳಿವೊಂದನ್ನು ಕೊಟ್ಟರು: ತಾಯಿಯ ಅಂಗಾಂಶದ ಗುರುತುಗಳಿಗೂ ಮಗುವಿನವಕ್ಕೂ ಭೇದ ಹೆಚ್ಚಿದ್ದಷ್ಟೂ ತಾಯಿಗೆ ಬಿಡುವು ಸಿಗುವ ಸಂಭವ ಹೆಚ್ಚು. ಹೊಟ್ಟೆಯಲ್ಲಿರುವ ಪರಕೀಯ ಜೀವವನ್ನು ಸಹಿಸಲು ದೇಹ ಕಲಿಯುವಾಗ, ತನ್ನ ಕೀಲುಗಳ ಮೇಲಿನ ಮುನಿಸನ್ನೂ ಮರೆಯುತ್ತದೆಯೋ ಏನೋ!

ಈ ಚರಿತ್ರೆಯಿಂದ ನಾವು ಮನೆಗೆ ಒಯ್ಯಬೇಕಾದ ಮಾತು ಒಂದಿದೆ. ಸಂಧಿವಾತವುಳ್ಳ ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನೋವು ಇಳಿಯುತ್ತದೆ. ಆದರೆ ಹೆರಿಗೆಯಾದ ಕೆಲವು ತಿಂಗಳಲ್ಲಿ ಹಲವರಿಗೆ ಅದು ಮರಳುತ್ತದೆ. ಹಾಲೂಡಿಸಿ ಕೂಸನ್ನೆತ್ತಬೇಕಾದ ಹೊತ್ತಿನಲ್ಲಿಯೇ ಕೈಗಳು ಸೋಲುತ್ತವೆ. ಅಂಥ ಬಾಣಂತಿ ಕೈಲಾಗದೆಂದರೆ ಅದನ್ನು ಮೈಗಳ್ಳತನವೆಂದು ಎಣಿಸಬೇಡಿ. ಮೊದಲೇ ವೈದ್ಯರನ್ನು ಕಂಡು, ಬಸಿರಿಗೂ ಬಾಣಂತನಕ್ಕೂ ಒಗ್ಗುವ ಮದ್ದನ್ನು ಗೊತ್ತುಮಾಡಿಕೊಳ್ಳಿ. ಹೆಂಚ್ ಮಾಡಿದ ಮೊದಲ ಕೆಲಸವೂ ಇದೇ ಅಲ್ಲವೆ? ನೊಂದವರ ಮಾತನ್ನು ಅವರು ನಂಬಿದರು.