ಮೂರು ಗ್ರಹಗಳ ಶಾಖದ ಲೆಕ್ಕ

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಶುಕ್ರ, ಮಂಗಳ ಗ್ರಹಗಳ ಮಾತೇಕೆ ಎಂದು ವಾಚಕ ಮಹಾಶಯರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಆ ಎರಡು ಗ್ರಹಗಳ ಶಾಖವನ್ನು ಭೂಮಿಯ ಶಾಖದೊಡನೆ ತೂಗಿ ನೋಡಿದ ಇತಿಹಾಸದಲ್ಲಿ, ನಾವು ಬಿಟ್ಟುಬಂದ ನಾಡಿಗೂ ನಾವು ಅನ್ನ ಉಣ್ಣುತ್ತಿರುವ ಈ ಜೋಡಿ ನಗರಗಳಿಗೂ ಒಂದೊಂದು ಪಾಲು ಉಂಟು. ಬೆಂಗಳೂರಿನಲ್ಲಿ ಬೆಳೆದು, ಸಿಕಂದರಾಬಾದಿನ ಕಾರ್ಖಾನೆಯೊಂದರಲ್ಲಿ ದುಡಿದ ಒಬ್ಬ ತರುಣ ಎಂಜಿನಿಯರು ಮುಂದೆ ಶುಕ್ರ-ಮಂಗಳಗಳ ಗಾಳಿಯನ್ನು ಅಭ್ಯಾಸ ಮಾಡಿ, ಅಲ್ಲಿ ಕಲಿತುದನ್ನು ಭೂಮಿಗೆ ಅನ್ವಯಿಸಿ ಲೋಕದ ಕಣ್ಣು ತೆರೆಸಿದರು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ನಿವೇದಿಸುತ್ತೇವೆ.

ಮೊದಲು ಲೆಕ್ಕದ ಸ್ವರೂಪವನ್ನು ನೋಡೋಣ. ಬ್ಯಾಂಕಿನ ಲೆಡ್ಜರುಗಳ ನಡುವೆ ಹಗಲು ಕಳೆಯುವ ನಮಗೆ ಎಲ್ಲವೂ ಜಮಾ-ಖರ್ಚಾಗಿಯೇ ಕಾಣುವುದು ಸಹಜ. ಗ್ರಹಕ್ಕೂ ಒಂದು ಖಾತೆ ಇದೆ. ಸೂರ್ಯನಿಂದ ಬರುವ ಬೆಳಕು ಅದರ ಜಮಾ. ಬೆಚ್ಚಗಾದ ನೆಲ ಆಕಾಶಕ್ಕೆ ಬಿಡುವ, ಕಣ್ಣಿಗೆ ಕಾಣದ ಶಾಖದ ಕಿರಣಗಳು ಅದರ ಖರ್ಚು. ಎರಡೂ ಸಮವಾಗುವ ತನಕ ನೆಲ ಕಾಯುತ್ತಲೋ ತಣಿಯುತ್ತಲೋ ಹೋಗುತ್ತದೆ. ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಬರುವ ಬೆಳಕನ್ನು ಬಹುಮಟ್ಟಿಗೆ ಒಳಗೆ ಬಿಟ್ಟು, ಹೊರಡುವ ಶಾಖವನ್ನು ಹಿಡಿದು, ಅದರಲ್ಲಿ ಒಂದು ಪಾಲನ್ನು ನೆಲಕ್ಕೇ ಹಿಂದಿರುಗಿಸುತ್ತವೆ. ಚಳಿಯ ರಾತ್ರಿಯಲ್ಲಿ ಕಂಬಳಿ ಮಾಡುವ ಕೆಲಸವೂ ಹೆಚ್ಚುಕಡಮೆ ಇದೇ. ಕಂಬಳಿ ತಾನಾಗಿ ಶಾಖ ಕೊಡುವುದಿಲ್ಲ. ಮೈಯ ಶಾಖ ಬೇಗನೆ ಹೋಗದಂತೆ ತಡೆಯುತ್ತದೆ. ಇದನ್ನೇ ವಿಜ್ಞಾನಿಗಳು ಹಸಿರುಮನೆ ಪರಿಣಾಮ ಎನ್ನುತ್ತಾರೆ.

ಈ ತಿಳಿವಳಿಕೆ ಒಬ್ಬರಿಂದ ಒಂದೇ ದಿನದಲ್ಲಿ ಬಂದುದಲ್ಲ. ಫ್ರಾನ್ಸಿನ ಗಣಿತಜ್ಞ ಫೂರಿಯೆ 1824ರಲ್ಲಿ, ಗಾಳಿಯು ಬೆಳಕಿಗೆ ಕೊಡುವಷ್ಟು ಸುಲಭವಾಗಿ ಶಾಖಕ್ಕೆ ದಾರಿ ಕೊಡುವುದಿಲ್ಲವೆಂದು ತರ್ಕಿಸಿದರು. ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ 1856ರಲ್ಲಿ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದುದೇ ಎಲ್ಲಕ್ಕಿಂತ ಹೆಚ್ಚು ಕಾಯ್ದುದನ್ನು ಕಂಡರು. 1859ರಲ್ಲಿ ಲಂಡನ್ನಿನ ಜಾನ್ ಟಿಂಡಾಲ್ ಯಾವ ಅನಿಲ ಎಷ್ಟು ಶಾಖವನ್ನು ಹಿಡಿಯುತ್ತದೆಂಬುದನ್ನು ಉಪಕರಣದಿಂದ ಅಳೆಯತೊಡಗಿದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್, ಗಾಳಿಯಲ್ಲಿ ಈ ಅನಿಲ ಇಮ್ಮಡಿಯಾದರೆ ಭೂಮಿ ಐದಾರು ಡಿಗ್ರಿ ಕಾಯುವುದೆಂದು ಕೈಯಿಂದಲೇ ಲೆಕ್ಕ ಹಾಕಿದರು. ಇಂದಿನ ಗಣಕಯಂತ್ರಗಳ ಲೆಕ್ಕ ಸುಮಾರು ಮೂರು ಡಿಗ್ರಿ. ಆದರೂ ಇವೆಲ್ಲ ಒಂದೇ ಗ್ರಹದ ಲೆಕ್ಕ. ಲೆಕ್ಕ ಸರಿಯೋ ತಪ್ಪೋ ಎಂದು ತಾಳೆ ನೋಡಲು ಬೇರೊಂದು ಖಾತೆ ಬೇಕಲ್ಲವೆ?

ಆ ಖಾತೆಗಳು ನಮ್ಮ ನೆರೆಯಲ್ಲೇ ಇದ್ದವು. ಭೂಮಿಯ ಒಂದು ಗಜ ನೆಲಕ್ಕೆ ಸೂರ್ಯನು 100 ರೂಪಾಯಿ ಕೊಡುತ್ತಾನೆಂದು ಇಟ್ಟುಕೊಳ್ಳೋಣ. ಅದರಲ್ಲಿ 30ನ್ನು ಮೋಡ, ಹಿಮ, ಮರಳುಗಳು ಹಿಂದಕ್ಕೆ ಎಸೆಯುತ್ತವೆ, ಉಳಿಯುವುದು 70. ಸೂರ್ಯನಿಗೆ ಹತ್ತಿರದ ಶುಕ್ರನಿಗೆ 190 ರೂಪಾಯಿ ಬರುತ್ತದೆ. ಆದರೆ ಅದರ ಬಿಳಿಯ ಮೋಡಗಳು ಮುಕ್ಕಾಲು ಪಾಲನ್ನು ಹಿಂದಿರುಗಿಸುವುದರಿಂದ ಉಳಿಯುವುದು 45ರಷ್ಟು. ದೂರದ ಮಂಗಳನಿಗೆ ಬರುವುದು 43, ಉಳಿಯುವುದು 32ರಷ್ಟು. ಜಮಾ ಮಾತ್ರ ನೋಡಿದರೆ ಶುಕ್ರನು ಭೂಮಿಗಿಂತ ತಣ್ಣಗಿರಬೇಕು. ನಿಜದಲ್ಲಿ ಶುಕ್ರನ ನೆಲದ ಶಾಖ ಸುಮಾರು 464 ಡಿಗ್ರಿ ಸೆಲ್ಸಿಯಸ್. ಸೀಸ ಅಲ್ಲಿ ನೀರಿನಂತೆ ಕರಗುತ್ತದೆ. ಭೂಮಿಯ ಸರಾಸರಿ 15 ಡಿಗ್ರಿ. ಕಂಬಳಿ ಇಲ್ಲದಿದ್ದರೆ ಅದು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಮಂಗಳನಲ್ಲಿ ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೆ. ಸ್ವಾರಸ್ಯವೇನೆಂದರೆ ಶುಕ್ರ, ಮಂಗಳ ಎರಡರ ಗಾಳಿಯಲ್ಲೂ ನೂರಕ್ಕೆ ಸುಮಾರು 95 ಪಾಲು ಇಂಗಾಲದ ಡೈಆಕ್ಸೈಡೇ. ಆದರೆ ಶುಕ್ರನ ಗಾಳಿಯ ಒತ್ತಡ ನಮ್ಮದರ 90 ಪಟ್ಟಿಗೂ ಹೆಚ್ಚು. ಮಂಗಳನದು ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಒಬ್ಬನ ಮೇಲೆ ಕಂಬಳಿಯ ಹೊರೆ, ಇನ್ನೊಬ್ಬನ ಮೇಲೆ ಹರಕು ಪಂಚೆ.

ಇದನ್ನು ಅರಿಯಲು ಕೆಲವು ದಶಕಗಳೇ ಹಿಡಿದವು. ಶುಕ್ರನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು 1932ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ತಿಳಿಯಿತು. ಅದರಿಂದ ಶುಕ್ರನ ನೆಲ ಬಹಳ ಬಿಸಿಯಾಗಿರಬೇಕೆಂದು 1940ರಲ್ಲಿ ರೂಪರ್ಟ್ ವಿಲ್ಟ್ ಊಹಿಸಿದರು. ಆದರೂ ಆ ಮೋಡಗಳ ಕೆಳಗೆ ಜೌಗು ಕಾಡುಗಳಿವೆ, ಸಮುದ್ರವಿದೆ ಎಂಬ ಕಲ್ಪನೆ 1950ರ ದಶಕದವರೆಗೂ ಉಳಿದಿತ್ತು. 1956ರಲ್ಲಿ ಶುಕ್ರನಿಂದ ಬಂದ ರೇಡಿಯೋ ಅಲೆಗಳನ್ನು ಅಳೆದಾಗ 300 ಡಿಗ್ರಿಗೂ ಮೇಲಿನ ಶಾಖ ಕಂಡುಬಂದಿತು. ಅದಕ್ಕೆ ಹಸಿರುಮನೆ ಪರಿಣಾಮವೇ ಕಾರಣವೆಂದು ಕಾರ್ಲ್ ಸೇಗನ್ 1960ರಲ್ಲಿ ವಾದಿಸಿದರು. 1970ರ ಡಿಸೆಂಬರಿನಲ್ಲಿ ರಷ್ಯನ್ನರ ವೆನೆರಾ 7 ನೌಕೆ ಶುಕ್ರನ ನೆಲದ ಮೇಲಿಳಿದು, ಸಾಯುವ ಮುನ್ನ ಆ ಕುಲುಮೆಯ ಶಾಖವನ್ನು ವರದಿ ಮಾಡಿತು. ಮಂಗಳನ ಗಾಳಿ ಎಷ್ಟು ತೆಳುವೆಂಬುದನ್ನು 1965ರಲ್ಲಿ ಮ್ಯಾರಿನರ್ 4 ತಿಳಿಸಿತು. ಅದೇ ಮಂಗಳನ ಸುತ್ತ ನಮ್ಮ ಬೆಂಗಳೂರಿನ ಇಸ್ರೋ ಸಂಸ್ಥೆಯ ನೌಕೆ 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿತು.

ಹಾಗಾದರೆ ಶುಕ್ರನ ಮೇಲೆ ಅಷ್ಟೊಂದು ಇಂಗಾಲದ ಡೈಆಕ್ಸೈಡ್ ಇದ್ದು, ಅದರಷ್ಟೇ ಗಾತ್ರದ ಭೂಮಿಯ ಗಾಳಿಯಲ್ಲಿ ಇಷ್ಟು ಸ್ವಲ್ಪವೇಕೆ? ಉತ್ತರ ನಮ್ಮಲ್ಲಿ ಅನೇಕರ ಕಾಲಕೆಳಗೇ ಇದೆ. ಈ ನಗರದ ಹಳೆಯ ಮನೆಗಳಲ್ಲಿ ನೆಲಕ್ಕೆ ಹಾಸಿದ ಶಹಾಬಾದು ಕಲ್ಲು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಂಡೆಗಳನ್ನು ಸವೆಸಿತು. ನದಿಗಳು ಅದನ್ನು ಕಡಲಿಗೊಯ್ದವು. ಕಡಲ ತಳದಲ್ಲಿ ಅದು ಸುಣ್ಣಕಲ್ಲಾಗಿ ಪದರಪದರವಾಗಿ ಕೂಡಿತು. ನೂರು ಸೇರು ಶುದ್ಧ ಸುಣ್ಣಕಲ್ಲಿನಲ್ಲಿ ನಲವತ್ತನಾಲ್ಕು ಸೇರು ಈ ಅನಿಲವೇ ಅಡಗಿದೆ. ಲೋಕದ ಇಂಥ ಕಲ್ಲುಗಳಲ್ಲಿರುವ ಅನಿಲವೆಲ್ಲ ಬಿಡುಗಡೆಯಾದರೆ ಅದು ಶುಕ್ರನ ಆಕಾಶದಲ್ಲಿರುವುದಕ್ಕೆ ಸುಮಾರಾಗಿ ಸರಿದೂಗುತ್ತದೆ. ಶುಕ್ರನು ನೀರನ್ನು ಕಳೆದುಕೊಂಡ. ಅಲ್ಲಿ ಈ ಅನಿಲವನ್ನು ಕಲ್ಲಾಗಿಸಲು ಮಳೆಯೂ ಇಲ್ಲ, ಕಡಲೂ ಇಲ್ಲ. ಚಿಕ್ಕವನಾದ ಮಂಗಳನು ತನ್ನ ಗಾಳಿಯ ಬಹುಪಾಲನ್ನು ಬಾಹ್ಯಾಕಾಶಕ್ಕೆ ಬಿಟ್ಟುಕೊಟ್ಟ. ಭೂಮಿ ಮಾತ್ರ ತನ್ನದನ್ನು ಕಲ್ಲಿನಲ್ಲಿ, ಕಲ್ಲಿದ್ದಲಿನಲ್ಲಿ ಕಾಯಂ ಠೇವಣಿಯಾಗಿ ಇಟ್ಟಿತು. ನೃಪತುಂಗನ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇರುವುದೂ ಆ ಸುಣ್ಣಕಲ್ಲಿನ ಸೀಮೆಯಲ್ಲೇ.

ಈಗ ನಮ್ಮ ಕಥಾನಾಯಕರ ಮಾತಿಗೆ ಬರೋಣ. ವೀರಭದ್ರನ್ ರಾಮನಾಥನ್ ಅವರು 1944ರಲ್ಲಿ ಹುಟ್ಟಿದರು, ಮನೆಮಾತು ತಮಿಳು. ಹನ್ನೊಂದನೆಯ ವಯಸ್ಸಿನಲ್ಲಿ ಕುಟುಂಬ ಬೆಂಗಳೂರಿಗೆ ಬಂದಾಗ, ಅವರು ಸೇರಿದ ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮೇಷ್ಟರ ಮಾತು ತಿಳಿಯದೆ ತರಗತಿಯಲ್ಲಿ ಹಿಂದೆ ಬಿದ್ದ ಆ ಹುಡುಗ ಎಲ್ಲವನ್ನೂ ತಾನೇ ಯೋಚಿಸಿ ತಿಳಿಯುವ ಅಭ್ಯಾಸ ಮಾಡಿಕೊಂಡ. ಊರು ಬಿಟ್ಟು ಬಂದು, ಬೇರೆ ಭಾಷೆಯ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮ್ಮಂಥವರಿಗೆ ಈ ಸಂಗತಿಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. 1965ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಪದವಿ ಪಡೆದ ಮೇಲೆ ಅವರು ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದಕ್ಕೆ ಸೇರಿದರು. ಪೆಟ್ಟಿಗೆಯನ್ನು ತಂಪುಮಾಡುವ ಅನಿಲ ಏಕೆ ಸೋರಿಹೋಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದೇ ಅಲ್ಲಿ ಅವರ ಕೆಲಸ. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, 1970ರಲ್ಲಿ ಅಮೆರಿಕಕ್ಕೆ ಹೋದರು.

ಅವರು ಹೋದುದು ಎಂಜಿನಿಯರಿಂಗ್ ಕಲಿಯಲು. ಆದರೆ ಅವರ ಗುರುಗಳಾದ ರಾಬರ್ಟ್ ಸೆಸ್ ಆ ವೇಳೆಗೆ ಗ್ರಹಗಳ ವಾಯುಮಂಡಲದ ಅಧ್ಯಯನಕ್ಕೆ ತಿರುಗಿದ್ದರು. ಗುರುಶಿಷ್ಯರಿಬ್ಬರೂ 1972ರಲ್ಲಿ ಮಂಗಳ ಮತ್ತು ಶುಕ್ರರ ವಾಯುಮಂಡಲಗಳಲ್ಲಿ ಶಾಖ ಸಾಗುವ ಬಗೆಯನ್ನು ಕುರಿತು ಪ್ರಬಂಧ ಪ್ರಕಟಿಸಿದರು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ರೆಫ್ರಿಜರೇಟರಿನ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಓಜೋನ್ ಪದರವನ್ನು ಕೆಡಿಸುತ್ತವೆಂದು ತೋರಿಸಿದರು. ಸಿಕಂದರಾಬಾದಿನಲ್ಲಿ ಸೋರಿದ ಅನಿಲಗಳೂ ಇದೇ ಜಾತಿಯವು. ಅನ್ಯಗ್ರಹಗಳ ಮೇಲೆ ಪಳಗಿದ ಲೆಕ್ಕವನ್ನು ರಾಮನಾಥನ್ ಈ ಅನಿಲಗಳಿಗೆ ಹಚ್ಚಿ ನೋಡಿದರು. ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳು ಮಾಡುವ ಕೆಲಸವನ್ನು ಇದರ ಒಂದೇ ಅಣು ಮಾಡಬಲ್ಲದೆಂದು ತಿಳಿದುಬಂತು! 1975ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಭೂಮಿಯ ಕಂಬಳಿ ಒಂದೇ ನೂಲಿನದಲ್ಲವೆಂದು ಜಗತ್ತು ಅಂದು ಅರಿಯಿತು.

ಈ ಅನಿಲಗಳು ಎಲ್ಲಿಯವರೆಗೆ ಏರಿವೆ ಎಂಬುದಕ್ಕೂ ನಮ್ಮ ಹೈದರಾಬಾದು ಸಾಕ್ಷಿಯಾಯಿತು. ಇಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ 1987ರ ಮಾರ್ಚ್ ತಿಂಗಳಲ್ಲಿ ಹಾರಿದ ಬಲೂನು ಎತ್ತರದ ಆಕಾಶದ ಗಾಳಿಯನ್ನು ಹಿಡಿದು ತಂದಿತು. ಅದರಲ್ಲಿ ಈ ಅನಿಲಗಳನ್ನು ಅಳೆಯಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಷ್ಟ್ರಗಳು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಹಾಕಿದವು. 2010ರ ವೇಳೆಗೆ ಭಾರತವೂ ಈ ಅನಿಲಗಳ ಬಳಕೆಯನ್ನು ಹೆಚ್ಚುಕಡಮೆ ಪೂರ್ತಿಯಾಗಿ ಕೈಬಿಟ್ಟಿತು. ಅವುಗಳ ಬದಲಿಗೆ ಬಂದ ಅನಿಲಗಳೂ ಶಾಖ ಹಿಡಿಯುವುವೆಂದು ಕಂಡಾಗ, ಅವನ್ನು ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ಮತ್ತೆ ಒಪ್ಪಂದವಾಯಿತು.

ಇಂಗಾಲದ ಡೈಆಕ್ಸೈಡಿನ ಮಾತು ಮಾತ್ರ ಇನ್ನೂ ಬಗೆಹರಿದಿಲ್ಲ. ಕೈಗಾರಿಕೆಗಳು ಹುಟ್ಟುವ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಇದ್ದುದು 2024ರಲ್ಲಿ 420ನ್ನು ದಾಟಿತ್ತು. ಆ ವರ್ಷದ ಸರಾಸರಿ ಶಾಖ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಿತ್ತು. ಭೂಮಿ ನಾಳೆಯೇ ಶುಕ್ರನಾಗುತ್ತದೆಂದು ಹೆದರಿಸುವುದು ನಮ್ಮ ಉದ್ದೇಶವಲ್ಲ. ಅದು ಸತ್ಯವೂ ಅಲ್ಲ. ಆದರೆ ಕಲ್ಲಿದ್ದಲನ್ನು ಸುಡುವಾಗ, ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಬೇಯಿಸುವಾಗ ಕೋಟ್ಯಂತರ ವರ್ಷಗಳ ಠೇವಣಿಯನ್ನು ಅವಧಿಗೆ ಮುನ್ನ ಮುರಿಯುತ್ತಿದ್ದೇವೆ. ಸಿಮೆಂಟ್ ಇಲ್ಲದೆ ಮನೆಯಿಲ್ಲ. ಆ ಕಾರ್ಖಾನೆಗಳಿಂದ ನಮ್ಮ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಆದುದರಿಂದ ಇದು ಒಬ್ಬರನ್ನು ದೂರಿ ಮುಗಿಸುವ ಮಾತಲ್ಲ. ಠೇವಣಿ ಮುರಿಯುವವನು ಎಷ್ಟು ತೆಗೆದೆ, ಏತಕ್ಕೆ ತೆಗೆದೆ ಎಂಬ ಲೆಕ್ಕವನ್ನಾದರೂ ಇಡಬೇಕು. ಏಕೆಂದರೆ ಆ ಠೇವಣಿ ನಮ್ಮ ಹೆಸರಿನಲ್ಲಿ ಮಾತ್ರ ಇಲ್ಲ, ಮಕ್ಕಳ ಹೆಸರೂ ಅದರಲ್ಲಿದೆ. ಒಂದು ಸೋರಿಕೆಯನ್ನು ಗುರುತಿಸಿ, ಅಳೆದು, ಎಲ್ಲ ರಾಷ್ಟ್ರಗಳೂ ಕೂಡಿ ತಡೆದುದಂತೂ ನಮ್ಮ ಕಾಲದಲ್ಲೇ ನಡೆದಿದೆ.